ಕಪ್ಪೆಕಣ್ಣಿನ ಬಿಳಿ

ಗುರುವಾರ ನನ್ನ ಪಾಲಿಗೆ ಬಂದದ್ದು ಸಾದೊ ದ್ವೀಪದ ದೋಣಿಕಟ್ಟೆ.
ಟಿಕೆಟ್ ಕಿಟಕಿಯ ಪಕ್ಕ, ಒಣಮೀನಿನ ಅಂಗಡಿಯ ಎದುರು
ಒಂದರ ಮೇಲೊಂದು ಕೂತ ಹದಿನೆಂಟು ಪೆಟ್ಟಿಗೆ,
ಹದಿನೆಂಟಕ್ಕೂ ಒಂದೇ ಬೀಗದಕೈ, ನನ್ನ ಸೊಂಟದಲ್ಲಿ.
ಮೂರು ನಾಣ್ಯ ಹಾಕಿ ಕಿವಿ ಹಿಂಡಿದರೆ
ಕಟಕಟ ಅಂದು ಒಂದು ಉಂಡೆ ಉದುರುತ್ತದೆ.
ಒಳಗೆ ಹೆಬ್ಬೆರಳುದ್ದದ ಮೊಲ, ಇಲ್ಲವೆ ಸನ್ಯಾಸಿ ವೇಷದ ಕೋತಿ,
ಇಲ್ಲವೆ ಕುಸ್ತಿಗೆ ತೊಡೆ ತಟ್ಟಿ ನಿಂತ ಕಪ್ಪೆ.
ಯಾವುದೋ ಮಠದ ಶಾಯಿಸುರುಳಿಯಿಂದ
ನೂರಾರು ವರ್ಷ ಕುಪ್ಪಳಿಸಿ ಕುಪ್ಪಳಿಸಿ
ಪ್ಲಾಸ್ಟಿಕ್ಕಿಗೆ ಬಂದು ಬಿದ್ದವು.

ಹೊನ್ಮಾ ಸುಮಾ ಅವರು ಬರುವುದು ಹತ್ತೂವರೆಯ ದೋಣಿಗೆ.
ಆಚೆ ದಡದಲ್ಲಿ ಕಣ್ಣಿನ ಡಾಕ್ಟರು.
ಕರವಸ್ತ್ರದ ಗಂಟಿನಲ್ಲಿ ಎಣಿಸಿಟ್ಟ ನಾಣ್ಯ.
ಮೊದಲು ನಾನೂ ಅಂದುಕೊಂಡೆ, ಆರನೆಯದರ ಹುಚ್ಚು ಎಂದು.
ಚೀಟಿಯಲ್ಲಿ ಐದರ ಚಿತ್ರವಿದೆ; ಆರನೆಯ ಜಾಗದಲ್ಲಿ
ಬರೀ ಕಪ್ಪು ನೆರಳು.
ಅದಕ್ಕಾಗಿ ಊರಿಗೆ ಊರೇ ಚಿಲ್ಲರೆ ಮಾಡಿಸುತ್ತದೆ.
ಆಕೆಗೆ ಒಮ್ಮೆ ಬಂದೇ ಬಂತು ಆರನೆಯದು.
ನೋಡಿದರು. ಒಣಮೀನಿನವಳ ಮಗುವಿನ ಕೈಗೆ ಹಾಕಿ
ದೋಣಿ ಹತ್ತಿದರು.

ಬೇಕಾದದ್ದು ಕಪ್ಪೆ.
ಕಪ್ಪೆಯಲ್ಲೂ ಕಣ್ಣು.
ಭೂತಗನ್ನಡಿ ತೆಗೆದು, ಬೆಳಕಿಗೆ ತಿರುಗಿಸಿ
"ಈ ಹುಡುಗಿಗೆ ಅವಸರ" ಅನ್ನುತ್ತಾರೆ.
ಮುಂದಿನ ವಾರ: "ಇವಳಿಗೆ ಅವತ್ತು ನೆಗಡಿ,
ಮೂಗೆಳೆದಾಗ ಕುಂಚ ಜಾರಿದೆ ನೋಡು."
ಇನ್ನೊಮ್ಮೆ: "ಚೆನ್ನಾಗಿದ್ದಾಳೆ ಇವಳು. ಆದರೆ ಅವಳಲ್ಲ."

ಮೂವತ್ತೊಂದು ವರ್ಷ ಶಿಜುಓಕದ ಕಾರ್ಖಾನೆಯಲ್ಲಿ
ಮೂರೆಳೆಯ ಕುಂಚ ಹಿಡಿದು ಕಣ್ಣು ಬರೆದವರು,
ದಿನಕ್ಕೆ ನಾನೂರು ಜೋಡಿ.
ಮುತ್ತಜ್ಜ ಜಿಂಕೆಯ ಕೊಂಬು ಕೊರೆಯುತ್ತಿದ್ದನಂತೆ:
ಜೇಬಿಲ್ಲದ ಕಾಲದವರು ನಡುಪಟ್ಟಿಗೆ ಚೀಲ ಸಿಕ್ಕಿಸುತ್ತಿದ್ದ ಗುಂಡಿ,
ಮಲಗಿದ ಇಲಿ, ಬಿರಿದ ಅವರೆಕಾಯಿ.
"ಅಡಿಭಾಗವನ್ನೂ ಕೆತ್ತಬೇಕು. ಕಣ್ಣು ನೋಡದಿದ್ದರೂ
ಸೊಂಟಕ್ಕೆ ಗೊತ್ತಾಗುತ್ತೆ."
ಆ ಮನೆಯಲ್ಲಿ ಉಳಿದ ಆಸ್ತಿ ಈ ಮಾತೊಂದೇ.

ಕೆಲಸ ಕಡಲು ದಾಟುವ ಮೊದಲು ಕಲಿಯಲು ಬಂದಿದ್ದಳು
ಡಿಯೆಪ್, ಹೈಫಾಂಗಿನವಳು, ಮೂರೇ ತಿಂಗಳು.
ಭಾಷೆ ಬಾರದು. ಸುಮಾ ಉಸಿರು ತೋರಿಸಿದರು:
ಎಳೆದುಕೋ, ಹಿಡಿ, ಈಗ ಬಿಳಿ ಇಡು, ಈಗ ಬಿಡು.
ಡಿಯೆಪ್ ಇಟ್ಟ ಬಿಳಿ ಯಾವಾಗಲೂ ಒಂದು ಕೂದಲು ಎಡಕ್ಕೆ.
ತಿದ್ದಿದರು. ಮತ್ತೆ ಎಡಕ್ಕೆ.
ಬಿಟ್ಟರು.
ಎಡಕ್ಕಿಟ್ಟ ಕಪ್ಪೆ ನಿಮ್ಮನ್ನಲ್ಲ,
ನಿಮ್ಮ ಹಿಂದೆ ಬರುತ್ತಿರುವವರನ್ನು ನೋಡುತ್ತಿತ್ತು.

"ಬಾಗಿಲು ತೆಗೆದು ಹುಡುಕಲೇ?" ಅಂದೆ ಒಂದು ದಿನ, ಬೀಗದಕೈ ಮುಟ್ಟಿ.
"ಬೇಡಪ್ಪ ಕುಜುಮಾಕಿ. ಹುಡುಕಿ ತಂದರೆ ಹಾಜರಿ ಕೂಗಿದ ಹಾಗೆ.
ತಾನಾಗಿ ಬಂದರೆ ಕಾಗದ ಬಂದ ಹಾಗೆ."

ನಾನೇನು ಸಂತನೇ?
ಕಳೆದ ಬುಧವಾರ ರಾತ್ರಿ ಗೋದಾಮಿನಲ್ಲಿ
ಟಾರ್ಚು ಬಾಯಲ್ಲಿ ಕಚ್ಚಿ
ಇನ್ನೂರ ಹನ್ನೆರಡು ಕಪ್ಪೆಗಳ ಕಣ್ಣಲ್ಲಿ ಕಣ್ಣಿಟ್ಟೆ.
ದವಡೆ ಸೋತ ಹೊತ್ತಿಗೆ ಒಂದು ಕಪ್ಪೆ
ನನ್ನನ್ನು ದಾಟಿ ಗೋಡೆಗೆ ಒರಗಿಸಿದ ಪೊರಕೆಯನ್ನು ನೋಡುತ್ತಿತ್ತು.
ತಿರುಗಿ ನೋಡಿದೆ, ನಿಜಕ್ಕೂ.

ಬೆಳಿಗ್ಗೆ ಅದನ್ನು ತಳದಲ್ಲಿ, ಬಾಯಿಯ ಹತ್ತಿರವೇ ಇಟ್ಟು
ಮೇಲೆ ಉಳಿದವನ್ನು ಸುರಿದೆ.
ಸುರಿದರೆ ಉರುಳುತ್ತವೆ;
ಇಪ್ಪತ್ತು ವರ್ಷದ ಕಸುಬು, ಅಷ್ಟೂ ಹೊಳೆಯಲಿಲ್ಲ.
ಸುಮಾ ಹಾಕಿದರು ಮೂರು ನಾಣ್ಯ: ಕೋತಿ.
ಮತ್ತೆ ಮೂರು: ಕೋತಿ.
"ಇವತ್ತು ಮಠದವರ ಸರದಿ" ಅಂದು ಗಂಟು ಕಟ್ಟಿದರು.
ಅವರ ಬೆನ್ನಿಗೇ ಶಾಲೆಯ ಹುಡುಗನೊಬ್ಬ ಕಿವಿ ಹಿಂಡಿದ.
ಉಂಡೆ ಬಿಚ್ಚಿದ. ಕಪ್ಪೆಯ ಬೆನ್ನಿನ ತೂತಿಗೆ ದಾರ ಪೋಣಿಸಿ
ಚೀಲಕ್ಕೆ ಕಟ್ಟಿದ. ಹಲಗೆ ಹತ್ತಿದ.

ಕೂಗಬಹುದಿತ್ತು. ಕೂಗಿದೆನೇನೋ.
ದೋಣಿಯೂ ಅದೇ ಹೊತ್ತಿಗೆ ಕೂಗಿತು.
ಗಾಜಿನಾಚೆ ಕಂಡದ್ದಿಷ್ಟು: ಕಿಟಕಿಯ ಪಕ್ಕ ಸುಮಾ,
ಆಗಲೇ ಕಣ್ಣು ಮುಚ್ಚಿ, ಬಾಯಿ ತುಸು ತೆರೆದು;
ಮುಂದಿನ ಸೀಟಿನ ಬೆನ್ನಿಗೆ ನೇತುಬಿಟ್ಟ ಚೀಲ;
ಅಲೆ ತೂಗಿದ ಕಡೆಗೆ ತೂಗುತ್ತ ಕಪ್ಪೆ.
ಆಚೆ ದಡಕ್ಕೆ ಎರಡೂವರೆ ಗಂಟೆ.