ಏಳನೇ ಕಲಂ

ರುಮೇನಿಯದ ಯಾಶಿ, ಎಂಬತ್ತೈದರ ಚಳಿಗಾಲ.
ನಾನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವ.
ಒತಿಲಿಯ ತಂದಳು ಹಾಳೆಯೊಂದ,
ಕೈಗವಸಿನ ತೂತಿಂದ ಇಣುಕುವ ಬೆರಳಲ್ಲಿ ಹಿಡಿದು:

‘ನಮ್ಮ ಬ್ರೆಡ್ಡು ಎಷ್ಟು ಹಗುರ!
ವಾರದ ಪಾಲನ್ನು ಅಜ್ಜಿಯರೂ
ಕಿರುಬೆರಳಲ್ಲಿ ಒಯ್ಯಬಲ್ಲರು.
ಎಷ್ಟು ತೆಳು!
ಚೂರೊಂದ ಕಣ್ಣಿಗೆ ಹಿಡಿದರೆ
ಎದುರು ಗೋಡೆಯ ಘೋಷಣೆ
ಅಕ್ಷರ ಬಿಡದೆ ಓದಬಹುದು.
ಸಾಲಲ್ಲಿ ನಿಂತೂ ನಿಂತೂ
ನೆರೆಯವರು ನಂಟರಾದರು,
ಇಬ್ಬರಿಗೆ ಮದುವೆಯೂ ಆಯಿತು.
ಬ್ರೆಡ್ಡು ಬರಲಿ ನಿಧಾನಕ್ಕೆ,
ಅವಸರವೇನು?’

ಒಂದು ಬೈಗುಳವಿಲ್ಲ. ಬರೀ ಜೇನು.
ಕೊಂಡಿ ಎಲ್ಲಿತ್ತೆಂದು
ನಾಲಿಗೆಗೆ ಆಮೇಲೆ ತಿಳಿಯುವುದು.

ಪರಿಶೀಲಕ ಬೆಜೆನಾರು ಓದಿದ.
ಕನ್ನಡಕ ತೆಗೆದ, ಒರೆಸಿದ, ಮತ್ತೆ ಓದಿದ.
ಕೆಂಪು ಪೆನ್ನಿನ ಮುಚ್ಚಳ ಬಿಚ್ಚಿದ.

ಆದರೆ ತಿರಸ್ಕರಿಸಲು ಕಾರಣ ಬೇಕು.
ನಮೂನೆಯ ಏಳನೇ ಕಲಮಿನಲ್ಲಿ, ಕೈಯಾರೆ, ಸಹಿ ಸಮೇತ:
ಬ್ರೆಡ್ಡು ನಿಜಕ್ಕೂ ತೆಳು,
ಸಾಲು ನಿಜಕ್ಕೂ ಉದ್ದ.
ಅವಳು ಬರೆಯದೆ ಬಿಟ್ಟದ್ದನ್ನು
ಅವನು ಬರೆಯಬೇಕು!

ಕೋಣೆಯ ಹೀಟರು ಸತ್ತು ತಿಂಗಳಾಗಿತ್ತು.
ಅವನ ಉಸಿರು ಹಬೆಯಾಗಿ ಹಾಳೆಯ ಮೇಲೆ ಕೂತಿತು.
ಒಂದು ಅಲ್ಪವಿರಾಮ ತಿದ್ದಿದ.
ಮುದ್ರೆ ಒತ್ತಿದ.
‘ಹೀಟರನ್ನೂ ಒಂದಿಷ್ಟು ಹೊಗಳಮ್ಮ’ ಎಂದ,
ನನ್ನತ್ತ ನೋಡದೆ.

ಹಿಮ ಕರಗುವ ಮೊದಲೇ
ಅವಳಿಗೆ ಪದಕ ಬಂತು, ನಿಷ್ಠೆಗಾಗಿ.
ಸಭಾಂಗಣದ ತುಂಬ ಜನ ಎದ್ದು ನಿಂತು
ಹನ್ನೊಂದು ನಿಮಿಷ ಚಪ್ಪಾಳೆ.
ಮರುದಿನದ ವರದಿಗೆ ನಾನೇ ಮೊಳೆ ಜೋಡಿಸಿದೆ:
‘ಹರ್ಷೋದ್ಗಾರ’.

ನಿಜ.
ಅಂಗೈ ಬೆಚ್ಚಗಾಗುವವರೆಗೆ
ಯಾರೂ ನಿಲ್ಲಿಸಲಿಲ್ಲ.
ಮೂರನೇ ಸಾಲಿನಲ್ಲಿ ಬೆಜೆನಾರು
ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.