ಕಸ ಬೇಕಾಗಿದೆ

ರಾತ್ರಿ ಒಂಬತ್ತಕ್ಕೆ, ಪಾತ್ರೆ ತೊಳೆದು ದೀಪ ಆರಿಸುವ ಹೊತ್ತಿಗೆ
ಲಿರಿಯೊಗೆ ನೆನಪಾಯಿತು:
ನಾಳೆ ಬೆಳಿಗ್ಗೆ ಏಳಕ್ಕೆ ಶಾಲೆಯಲ್ಲಿರಬೇಕು
ಒಂದು ಪರೋಲ್, ಕ್ರಿಸ್‌ಮಸ್ಸಿನ ಆಕಾಶಬುಟ್ಟಿ,
ಐದು ಮೂಲೆಯದು,
ಮನೆಯ ಕಸದಿಂದಲೇ ಮಾಡಿದ್ದು.

ಚೀಟಿಯಲ್ಲಿ ಟೀಚರು ಬರೆದು ಅಡಿಗೆರೆ ಎಳೆದಿದ್ದಾರೆ:
ಬಳಸಿ ಬಿಸಾಡಿದ ಬಾಟಲಿ ಮೂರು.
ಅಂಗಡಿಯಿಂದ ತಂದರೆ ಅಂಕ ಇಲ್ಲ.

‘ಯಾವಾಗ ಕೊಟ್ಟರೇ ಈ ಚೀಟಿ?’
‘ಹೋದ ಸೋಮವಾರ.’
ಬೈಯಲು ಬಾಯಿ ತೆರೆದೆ;
ಬೈಗುಳಕ್ಕೂ ಪುರುಸೊತ್ತಿರಲಿಲ್ಲ.

ಹುಡುಕಿದೆವು ಕಸ.
ಚೌಕದ ಜಿನ್ ಬಾಟಲಿಯಲ್ಲಿ
ಮೆಣಸಿನಕಾಯಿ ಮುಳುಗಿದ ತೆಂಗಿನ ವಿನೆಗರ್.
ಕೋಲಾ ಬಾಟಲಿಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಸೀಮೆಎಣ್ಣೆ,
ಅದರ ಕುತ್ತಿಗೆಗೆ ಕೆಂಪು ದಾರ, ಗೊತ್ತಾಗಲೆಂದು.
ಐಸ್‌ಕ್ರೀಮ್ ಡಬ್ಬಿ? ಆಸೆಯಿಂದ ಮುಚ್ಚಳ ತೆಗೆದವರಿಗೆಲ್ಲ
ಒಳಗಿನ ಒಣಮೀನಿನ ಕಣ್ಣು ಗೊತ್ತು.
ಕಾಫಿಪುಡಿಯ ಜಾಡಿ ನೆಂಟರ ಲೋಟ.
ಸವೆದ ಟೈರು ಸೊಪ್ಪಿನ ಮಡಿ.
ಶಾಂಪೂ ಪೊಟ್ಟಣಗಳನ್ನೆಲ್ಲ ಅತ್ತೆ ಹೆಣೆದು
ಚಾಪೆ ಮಾಡಿದ್ದಾಳೆ;
ಮಲಗಿದರೆ ಇವತ್ತಿಗೂ ಯಾರದೋ ತಲೆ ಮಿಂದ ಘಮ.
ಹೋದ ಚುನಾವಣೆಯಲ್ಲಿ ಸೋತವನ ಬ್ಯಾನರು
ಹಂದಿಗೂಡಿಗೆ ಮಾಡು.
ತಿಂಗಳುಗಟ್ಟಲೆ ಮಳೆಯಲ್ಲೂ ಆ ನಗು ಸೋರಿಲ್ಲ,
ಕೊಟ್ಟ ಮಾತಲ್ಲಿ ಒಂದನ್ನಾದರೂ ಉಳಿಸಿಕೊಂಡ, ಪಾಪ.

ಜಾಲಾಡಿ ಜಾಲಾಡಿ
ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತೆವು.
ಕಸದಿಂದ ರಸ ಎನ್ನುತ್ತಾರಲ್ಲ,
ನಮ್ಮ ಮನೆಯಲ್ಲಿ ರಸ ಹಿಂಡಿ ಹಿಂಡಿ
ಕಸವೇ ಉಳಿದಿಲ್ಲ.

‘ಕಸಕ್ಕೂ ಕಾಸು ಬೇಕು ಕಣೇ’ ಎಂದು
ತೆಬಾನ್ ಚಪ್ಪಲಿ ಮೆಟ್ಟಿಕೊಂಡು ಹೋಗಿ
ಪಾಸಿಂಗಳ ಅಂಗಡಿಯ ಹಲಗೆ ತಟ್ಟಿದ.
ನಿದ್ದೆಗಣ್ಣಲ್ಲಿ ಅವಳು ಕೇಳಿದಳಂತೆ: ಯಾರಿಗೆ ಹೆರಿಗೆ?
ಕಿತ್ತಳೆ ಸೋಡಾ, ದೊಡ್ಡದು, ಮೂರು. ಸಾಲಕ್ಕೆ.

ಬರಿದಾದರೆ ತಾನೆ ಕಸ! ಕುಡಿದೆವು.
ಸಕ್ಕರೆ ಕಾಯಿಲೆಯ ಅತ್ತೆ
‘ಮಗುವಿನ ಓದಿಗೋಸ್ಕರ’ ಎಂದು ಎರಡು ಲೋಟ ಇಳಿಸಿ
ಕತ್ತಲು ನಡುಗುವಂತೆ ತೇಗಿದಳು.
ಪಕ್ಕದ ಮನೆಯ ನಾಯಿ ಎದ್ದು ಉತ್ತರ ಕೊಟ್ಟಿತು.

ತೆಬಾನ್ ಕೋಳಿಗೂಡಿನಿಂದ ಹತ್ತು ಬಿದಿರ ಸೀಳು ಎಳೆದ.
ಎರಡು ನಕ್ಷತ್ರ ಕಟ್ಟಿ, ಒಂದರ ಬೆನ್ನಿಗೊಂದು ಕೊಟ್ಟು
ನಡುವೆ ಗಿಡ್ಡ ಕಡ್ಡಿ ಸಿಗಿಸಿದಾಗ
ಉಸಿರು ಎಳೆದುಕೊಂಡಂತೆ ಉಬ್ಬಿತು.
ಹೊದಿಕೆಗೇನು ಮಾಡುವುದು?
ಅತ್ತೆ ತುಟಿ ಬಿಗಿದು
ಚಾಪೆಯ ಅಂಚಿನ ಸಾಲು ಬಿಚ್ಚಿದಳು.
ಪೊಟ್ಟಣದ ಒಳಮೈ ಬೆಳ್ಳಿ.

ನಾನು ಬಾಟಲಿಯ ಬುಡ ಕತ್ತರಿಸಿ
ಬೆಳಕಿಗೆ ಹಿಡಿದೆ.
ಐದು ಎಸಳು.
ಇಷ್ಟು ವರ್ಷ ಎಣ್ಣೆ ತುಂಬಿಟ್ಟದ್ದು
ನಕ್ಷತ್ರದ ಮೇಲೆಯೇ.
ಬುಡ ಯಾರು ನೋಡುತ್ತಾರೆ.

ಹನ್ನೆರಡಕ್ಕೆ ಲಿರಿಯೊ
ಕತ್ತರಿ ಹಿಡಿದೇ ನಿದ್ದೆಹೋದಳು.
ಬೆರಳೊಂದೊಂದೇ ಬಿಡಿಸಿ ತೆಗೆದೆ.
ಆಮೇಲೆ ನಾವಿಬ್ಬರೇ, ಅವನು ಕಟ್ಟುತ್ತ ನಾನು ಹೊಲಿಯುತ್ತ.
ದಾರ ಕೊಡು, ಇಗೋ, ಬಿಗಿ ಹಿಡಿ, ಹಿಡಿದಿದ್ದೇನೆ.
ಮದುವೆಯಾದ ಹೊಸತರಲ್ಲಿ ಹೀಗೆ ಮಾತಾಡುತ್ತಿದ್ದೆವೇನೋ.
ದೂರದಲ್ಲಿ ಇಲೊಯ್ಲೊ ಕಡೆಯ ದೋಣಿಯೊಂದು
ಗಿಮರಾಸಿನ ದಡ ಬಿಟ್ಟ ಸದ್ದು.

ನೂರಕ್ಕೆ ಎಂಬತ್ತೆಂಟು.
ಪಕ್ಕದಲ್ಲಿ ಕೆಂಪು ಶಾಯಿ:
ಚೆನ್ನಾಗಿದೆ. ಆದರೆ ಬಾಟಲಿ ಹೊಸದರಂತಿದೆ.

ಜನವರಿಯಲ್ಲಿ ನಕ್ಷತ್ರ ಮನೆಗೆ ಬಂತು, ವಾರ ನಿಲ್ಲಲಿಲ್ಲ.
ಹೂವಿನ ಬುಡಗಳಲ್ಲಿ ಈಗ ಗುಂಡಿ, ಉಪ್ಪು, ಮೂಲಂಗಿ ಸಸಿ.
ಬಾಟಲಿಯ ಕತ್ತು ಸೀಮೆಎಣ್ಣೆಗೆ ಆಲಿಕೆ.
ಬೆಳ್ಳಿಯ ಸಾಲು ಮರಳಿ ಚಾಪೆಗೆ.
ಕೋಳಿಗೂಡಿನಲ್ಲಿ ನಕ್ಷತ್ರದ ಕಾಲುಗಳು;
ಅವುಗಳ ಸಂದಿಯಿಂದ
ಹೇಂಟೆಯೊಂದು ನನ್ನನ್ನು ಅನುಮಾನದಿಂದ ನೋಡುತ್ತದೆ.

ಹಳೇ ಕ್ಯಾಲೆಂಡರಿನ ಹಾಳೆ ಹೊಲಿದು ಮಾಡಿದ
ಪಾಸಿಂಗಳ ಸಾಲದ ಪುಸ್ತಕದಲ್ಲಿ,
ಯಾವುದೋ ಮುಗಿದುಹೋದ ಆಗಸ್ಟಿನ ಬೆನ್ನ ಮೇಲೆ,
ನಮ್ಮ ಹೆಸರಿನ ಮುಂದೆ ಇನ್ನೂ ಇದೆ:
ಕಿತ್ತಳೆ, ಮೂರು.