ನಡು ಸವೆದ ಕಲ್ಲು

ಭಾನುವಾರದ ಸಂತೆಯಲ್ಲಿ, ತುಕ್ಕು ಕತ್ತರಿ,
ಮುಳ್ಳಿಲ್ಲದ ಗಡಿಯಾರ, ಒಂಟಿ ಚಪ್ಪಲಿಗಳ ನಡುವೆ
ಸಿಕ್ಕಿತು ಈ ಕ್ಷೌರದ ಕತ್ತಿ.
ನೂರೆಂಬತ್ತು ಅಂದ, ನೂರಿಪ್ಪತ್ತಕ್ಕೆ ಕೊಟ್ಟ.
ಹಿಡಿ ಎಮ್ಮೆಕೊಂಬಿನದು. ಅಂಚು ಮಾತ್ರ
ಬೆಣ್ಣೆಯ ಅಪ್ಪಣೆ ಕೇಳಿ ಕೊಯ್ಯುವಷ್ಟು ಸಾಧು.

‘ಯಾರ ತಲೆ ಬೋಳಿಸೋಕೆ?’ ಅಂದಳು ಇಂದ್ರಮ್ಮ,
ಹುರುಳಿಕಾಯಿಯ ನಾರು ತೆಗೆಯುತ್ತ.
ಉತ್ತರ ನನಗೂ ಗೊತ್ತಿರಲಿಲ್ಲ.
ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು
ಚಿಲ್ಲರೆ ಎಣಿಸಿದ ಬೆರಳಿಗೆ
ರಿಟೈರಾದ ಮೇಲೆ ಹಿಡಿಯಲು ಏನಾದರೂ ಬೇಕಿತ್ತು
ಎಂದು ಈಗ ಅನ್ನಬಹುದು. ಆಗ ಅನ್ನಲಿಲ್ಲ.

ಎಸ್.ಪಿ. ರಸ್ತೆಯಲ್ಲಿ ಕಲ್ಲು ಕೇಳಿದರೆ
ಇಟ್ಟಿಗೆಗಾತ್ರದ ಕರಿಯದೊಂದು ಎತ್ತಿ ತೋರಿಸಿದರು.
ಉಗುರು ತಾಗಿಸಿದೆ; ಉಗುರೇ ಪುಡಿಯಾಯಿತು.
‘ಮಚ್ಚಿಗಾದ್ರೆ ಇದು. ಗಡ್ಡಕ್ಕಾದ್ರೆ ಬ್ಲೇಡ್ ತಗೊಳ್ಳಿ ಸಾರ್.’

ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ
‘ಸಾಣೆಕಲ್ಲು ಇದೆಯಾ?’ ಅಂದೆ.
‘ಓ’ ಎಂದು ಒಳಗಿಂದ ತಂದಿಟ್ಟದ್ದು
ದುಂಡಗೆ, ಮೂರು ಕಾಲಿನದು, ಜೊತೆಗೊಂದು ಗಂಧದ ಕೊರಡು.
ತಪ್ಪು ಅವನದಲ್ಲ. ಭಾಷೆಯೇ ಹಾಗೆ:
ದೇವರ ಹಣೆಗೂ ಮನುಷ್ಯನ ಗಲ್ಲಕ್ಕೂ
ಒಂದೇ ಹೆಸರಿನ ಕಲ್ಲು ಸಾಕು ಅಂದುಕೊಂಡಿದೆ.

ಮಸೀದಿ ರಸ್ತೆಯ ತಿರುವಿನಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡವನು
ಕತ್ತಿ ಬಿಡಿಸಿ ನೋಡಿ ಪೆಡಲಿನಿಂದ ಕಾಲು ತೆಗೆದ.
‘ಇದಕ್ಕೆ ಕಿಡಿ ಹಾರಬಾರದು ಚಾಚಾ,
ಕಿಡಿ ಹಾರಿದ್ರೆ ಕತ್ತಿ ಸತ್ತಂಗೆ.
ಕಾಟನ್‌ಪೇಟೆಗೆ ಹೋಗಿ, ಕದಿರಪ್ಪನ ಅಂಗಡಿ.’
ದುಡ್ಡು ಕೊಡಲು ಹೋದೆ. ‘ಏನೂ ಮಾಡಿಲ್ಲವಲ್ಲ’ ಅಂದ.

ಎರಡು ಕುರ್ಚಿ, ಸೀಳು ಬಿಟ್ಟ ಕನ್ನಡಿ.
ಕಲ್ಲು ಇತ್ತು. ಬಾಗಿಲು ಗಾಳಿಗೆ ಬಡಿಯದಂತೆ
ಅಡಿಯಲ್ಲಿ ತುರುಕಿತ್ತು, ಮೈಯೆಲ್ಲ ಕೂದಲು ಮೆತ್ತಿ.
‘ನಮ್ಮ ತಾತಂದು. ಅರ್ಧ ಬ್ಲೇಡು ಬಂದ್ಮೇಲೆ
ಯಾರು ಮಸೀತಾರೆ? ಮುರಿ, ಹಾಕು, ಬಿಸಾಕು.’
ತೊಳೆದಾಗ ಕಂಡಿತು ಬೂದಿ ಬೆರೆತ ಹಸಿರು,
ನಡುವೆ ಮೂರು ತಲೆಮಾರಿನ ಕೈ ತೋಡಿದ ತಗ್ಗು.

‘ಎಷ್ಟು?’
‘ಬಾಗಿಲಿಗೆ ಇನ್ನೊಂದು ಕಲ್ಲು ತಂದ್ಕೊಡಿ, ಸಾಕು.
ಆದ್ರೆ ಹಿಂಗೇ ಮಸೀಬೇಡಿ. ತಗ್ಗಿನ ಕಲ್ಲು ಅಂಚನ್ನ ತಿನ್ನುತ್ತೆ.
ಮೊದಲು ಕಲ್ಲಿಗೇ ಸಾಣೆ ಹಿಡೀಬೇಕು.’

ನಮ್ಮ ಬೀದಿಯಲ್ಲಿ ಫುಟ್‌ಪಾತ್ ಕಿತ್ತು ರಾಶಿ ಹಾಕಿದ್ದರು
ಮೋರಿ ಮುಚ್ಚಿದ್ದ ಹಳೆಯ ಚಪ್ಪಡಿಗಳನ್ನು.
ಮಟ್ಟಸವಾದದ್ದೊಂದು ಹುಡುಕಿ, ನೀರು ಹನಿಸಿ,
ಕಲ್ಲಿನ ಮೇಲೆ ಪೆನ್ಸಿಲ್ಲಿನ ಚೌಕಳಿ ಎಳೆದು
ಉಜ್ಜಿದೆ. ಗೆರೆಯೆಲ್ಲ ಅಳಿದ ದಿನ ಕಲ್ಲು ಮಟ್ಟ.
ಅಂಚಿನವು ಮೊದಲ ದಿನವೇ ಹೋದವು.
ನಡುವಿನವು ಹೋಗಲಿಲ್ಲ.
ಎರಡನೆಯ ದಿನ. ನಾಲ್ಕನೆಯ ದಿನ.
ವಾಕಿಂಗಿನವರು ನಿಂತು ಕೇಳಿದರು, ‘ಯಾವ ಬೇರು ಸಾರ್, ಮಂಡಿನೋವಿಗಾ?’
ಚಪ್ಪಡಿ ಒಯ್ಯಲು ಲಾರಿ ಬಂತು.
‘ಇದೊಂದು ಬಿಡಪ್ಪ, ಎರಡು ಗೆರೆ ಉಳಿದಿವೆ’ ಅಂದೆ.
ಡ್ರೈವರು ಬೀಡಿ ಹಚ್ಚಿ ಕಾದ.

ಬೂದುನೀರು ಹರಿಯಿತು. ತಗ್ಗು ಹೋಯಿತು.
ಅದರ ಜೊತೆ ಕದಿರಪ್ಪನ ತಾತನ ಕೈಯೂ ಹೋಯಿತು
ಎಂದು ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ಹಲ್ಲುಜ್ಜುವಾಗ.

ಬಾಗಿಲಿಗೆಂದು ಚಿಕ್ಕಪೇಟೆಯ ಆ ಗಂಧದ ಕಲ್ಲನ್ನೇ ಒಯ್ದೆ.
‘ದೇವರದು, ಕಾಲಡಿ ಹಾಕ್ಲಾ?’ ಎಂದು
ಕನ್ನಡಿಯ ಪಕ್ಕ ಪೌಡರ್ ಡಬ್ಬಿಯ ಸಾಲಲ್ಲಿಟ್ಟ.
ಬಾಗಿಲು ಈಗಲೂ ಬಡಿಯುತ್ತದೆ.

ಬೆಳಿಗ್ಗೆ ಕೂರುತ್ತೇನೆ. ಬೆನ್ನೂ ಬಾಯೂ ಒಟ್ಟಿಗೆ ತಾಗಿಸಿ
ಹೋಗುತ್ತ ಬಾಯಿ ಮುಂದೆ, ಬೆನ್ನ ಮೇಲೆ ಮಗುಚಿ, ಮತ್ತೆ ಬಾಯಿ ಮುಂದೆ.
ಒತ್ತಬಾರದು. ನಿದ್ದೆಹೋದ ಪ್ಯಾಸೆಂಜರಿನ ಭುಜ ತಟ್ಟಿ
ಸ್ಟಾಪು ಬಂತು ಅನ್ನುವಷ್ಟು ಮೆತ್ತಗೆ.
ಮೊದಲು ಜರಜರ, ಆಮೇಲೆ ಸರಸರ, ಆಮೇಲೆ ಸದ್ದಿಲ್ಲ.

ಇಂದ್ರಮ್ಮ ತನ್ನ ತಲೆಯಿಂದ ನರೆಗೂದಲೊಂದು ಕಿತ್ತು
ಅಂಚಿನ ಮೇಲೆ ಇಳಿಬಿಟ್ಟಳು.
ತುಂಡಾಗಲಿಲ್ಲ. ಬಳುಕಿತು.
‘ನಾಳೆ ಇನ್ನೊಂದು ಕೊಡ್ತೀನಿ’ ಅಂದಳು,
ಕುಕ್ಕರ್ ಕೂಗಿತೆಂದು ಎದ್ದು ಹೋದಳು.